ಐಸು ನೀರೋ, ಎದುರುಗಾಳಿಯೋ

ಹಾರಿಬ್ ಮಸ್ಕತ್ತಿನಿಂದ ಹೇರಿಕೊಂಡು ತಂದ ಆ ವಸ್ತುವನ್ನು ನೋಡಿದ ಕೂಡಲೇ ನನಗೆ ಹೇಸಿಗೆಯಾಯಿತು. ಕಿಟಕಿಯ ಬಾಗಿಲಷ್ಟು ಅಗಲದ ಅಲ್ಯೂಮಿನಿಯಂ ಜಾಲರಿ, ಮುಖ ನೋಡಿಕೊಳ್ಳುವಷ್ಟು ಹೊಳಪು, ನಡುವೆ ಗೇಣುದ್ದದ ಕೆಂಪು ಅಕ್ಷರಗಳು. ಪಿಕಪ್ಪಿನಿಂದ ಇಳಿಸಿ, ಮೇಲೆ ಹೊದಿಸಿದ್ದ ಬೆಡ್‌ಶೀಟು ಸರಿಸಿ, ಮದುಮಗಳ ಮುಸುಕು ತೆಗೆದವನ ಹಾಗೆ ನಮ್ಮ ಮುಖ ನೋಡಿದ. ನನ್ನ ಬಾವ ಖಲ್ಫಾನ್ ಹತ್ತಿರ ಹೋಗಿ ಬೆರಳಲ್ಲಿ ಒಮ್ಮೆ ತಟ್ಟಿ ಕೈ ಒರೆಸಿಕೊಂಡ.

ಖಲ್ಫಾನ್ ನನ್ನ ತಂಗಿ ಸುರಯ್ಯಾಳ ಗಂಡ. ಮರಳುಗಾಡಿನ ಅಂಚಿನ ನಮ್ಮ ಬಿದಿಯಾ ಊರಿನಲ್ಲಿ ಎಂಜಿನ್ ಎಂದರೆ ಅವನೇ. ಇಪ್ಪತ್ತೆರಡು ವರ್ಷ ಸೈನ್ಯದ ಗಾಡಿಗಳ ಹೊಟ್ಟೆ ಬಗೆದು, ನಿವೃತ್ತನಾಗಿ ಬಂದು, ಮನೆಯ ಹಿಂದೆ ಖರ್ಜೂರದ ಮರಗಳ ಪಕ್ಕ ಒಂದು ತಗಡಿನ ಶೆಡ್ಡು ಹಾಕಿಕೊಂಡವನು. ಬೋರ್ಡಿಲ್ಲ, ಗೋಡೆಯ ಮೇಲೆ ಫೋನ್ ನಂಬರಿಲ್ಲ. ವರ್ಷಕ್ಕೆ ನಾಲ್ಕೋ ಐದೋ ಎಂಜಿನ್ ಕಟ್ಟುತ್ತಿದ್ದ, ಅಷ್ಟೇ. ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ನಾವು ಕೇಳಿದ್ದೇನೆಂದು ನಮಗೇ ಮರೆತಿರುತ್ತಿತ್ತು. "ಇವರ ನಿಲುವಂಗಿ ಒಗೆದ ನೀರಿಗೆ ಕಡ್ಡಿ ಗೀರಿದ್ರೆ ಹತ್ಕೊಳ್ಳುತ್ತೆ ಅಣ್ಣ" ಎಂದು ಸುರಯ್ಯಾ ನನ್ನ ಹತ್ತಿರ ದೂರು ಹೇಳುವಳು, ಹೇಳುವಾಗ ಮುಖದ ತುಂಬ ಹೆಮ್ಮೆ.

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಊರೆಲ್ಲ ಸವಾಲಿನ ದಿಬ್ಬದ ಕೆಳಗೆ ಸೇರುತ್ತದೆ. ಆ ಮರಳಿನ ಗೋಡೆಯನ್ನು ಗಾಡಿ ಹತ್ತಬೇಕು. ಹತ್ತಿದವನು ಗಂಡಸು, ಜಾರಿದವನು ಮುಂದಿನ ಶುಕ್ರವಾರದವರೆಗೆ ನಗೆಪಾಟಲು. ಕೆಳಗೆ ಚಾಪೆ ಹಾಸಿ ಕೂತ ಮುದುಕರು ಸದ್ದು ಕೇಳಿಯೇ "ಇದು ಖಲ್ಫಾನಂದು" ಅನ್ನುತ್ತಿದ್ದರು. ಹನ್ನೆರಡು ವರ್ಷದಲ್ಲಿ ಅವನು ಕಟ್ಟಿದ ಒಂದೇ ಒಂದು ಎಂಜಿನ್ ಆ ಮರಳಿನ ಮೇಲೆ ಸತ್ತಿರಲಿಲ್ಲ. ಅವನಿಗಿದ್ದ ಆಸ್ತಿ ಅಂದರೆ ಈ ಹೆಸರೊಂದೇ.

ಹಾರಿಬ್ ಅವನ ಚಿಕ್ಕಪ್ಪನ ಮಗ. ಮಸ್ಕತ್ತಿನಲ್ಲಿ ದೊಡ್ಡ ಕಂಟ್ರಾಕ್ಟರ್. ಹೊಸ ಜೀಪು ಕೊಂಡು, ಟರ್ಬೊ ಕೂರಿಸಿ ದಿಬ್ಬ ಹತ್ತುವ ಹಾಗೆ ಮಾಡಿಕೊಡು ಎಂದು ತಂದು ಬಿಟ್ಟಿದ್ದ. ಖಲ್ಫಾನ್ ಆರು ತಿಂಗಳು ಅದರ ಮೇಲೆ ಬಗ್ಗಿಕೊಂಡೇ ಇದ್ದ. ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ, ಗಾಳಿಯನ್ನು ತಂಪು ಮಾಡುವುದು ಹೇಗೆ ಎನ್ನುವುದು.

ಟರ್ಬೊ ಎಂಜಿನ್ನಿನೊಳಕ್ಕೆ ಗಾಳಿಯನ್ನು ತುರುಕುತ್ತದೆ. ತುರುಕಿದ ಗಾಳಿ ಕಾಯುತ್ತದೆ. ಕಾದ ಗಾಳಿ ಹಾಗೇ ಒಳಗೆ ಹೋದರೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಹತ್ತಿಕೊಂಡು ಪಿಸ್ಟನ್ನು ಕರಗಿ ಹೋಗುತ್ತದೆ. ಆದ್ದರಿಂದ ದಾರಿಯಲ್ಲೇ ಅದನ್ನು ತಣಿಸಬೇಕು. ತಣಿಸುವುದಕ್ಕೆ ಎರಡು ಬಗೆ. ಗಾಡಿಯ ಮೂತಿಗೆ ಜಾಲರಿ ಕಟ್ಟಿ ಎದುರುಗಾಳಿಗೆ ಬಿಡುವುದು ಒಂದು. ಹಿಂದೆ ಒಂದು ತೊಟ್ಟಿ ಇಟ್ಟು, ಐಸು ತುಂಬಿ, ಆ ನೀರನ್ನು ಪಂಪಿನಲ್ಲಿ ತಿರುಗಿಸುವುದು ಇನ್ನೊಂದು. ಖಲ್ಫಾನ್ ಎರಡನ್ನೂ ಎರವಲು ತಂದು, ಮೂರು ವಾರ, ಅದೇ ದಿಬ್ಬದ ಬುಡದಲ್ಲಿ, ಅದೇ ಬಿಸಿಲಿನಲ್ಲಿ ಪರೀಕ್ಷೆ ಮಾಡಿದ. ಸುರಯ್ಯಾ ಹಲ್ವದ ಪಾಕ ಅಳೆಯುವ ಥರ್ಮಾಮೀಟರನ್ನು ಅವಳಿಗೆ ಹೇಳದೆ ಎತ್ತಿಕೊಂಡು ಹೋಗಿ ಪೈಪಿಗೆ ಸಿಕ್ಕಿಸಿದ. ಐಸು ಒದಗಿಸಿದ್ದು ನಾನು. ನನ್ನದು ಐಸಿನ ಅಂಗಡಿ. ಜಾಲರಿಯಲ್ಲಿ ತೊಂಬತ್ತಾರು ಡಿಗ್ರಿ ತೋರಿಸಿತು. ಐಸು ನೀರಿನಲ್ಲಿ ಮೂವತ್ತೆಂಟು.

"ದಿಬ್ಬದ ಮೇಲೆ ಗಾಡಿ ಓಡಲ್ಲ ಬಾವ, ಅಗೆಯುತ್ತೆ" ಎಂದ ನನಗೆ. "ಚಕ್ರ ಹುಚ್ಚು ಹಿಡಿದ ಹಾಗೆ ತಿರುಗ್ತಿರುತ್ತೆ, ಗಾಡಿ ಮಾತ್ರ ಬಸುರಿ ಒಂಟೆ ನಡೆದ ಹಾಗೆ ನಡೆಯುತ್ತೆ. ಎದುರುಗಾಳಿ ಎಲ್ಲಿಂದ ಬರ್ಬೇಕು? ಮಸ್ಕತ್ ರಸ್ತೆಯಲ್ಲಿ ಓಡಿಸೋನಾಗಿದ್ರೆ ನಾನೇ ಜಾಲರಿ ಹಾಕಿಕೊಡ್ತಿದ್ದೆ. ಐಸು ಅರ್ಧ ಗಂಟೇಲಿ ಕರಗಿ ಹೋಗುತ್ತೆ, ಆಮೇಲೆ ಅದು ಸ್ನಾನದ ಹಂಡೆ. ಆದ್ರೆ ಇವನಿಗೆ ಬೇಕಾಗಿರೋದು ಅರ್ಧ ನಿಮಿಷದ ತಂಪು."

ಹೀಗೆ ಆರಿಸಿ, ತೊಟ್ಟಿಯನ್ನು ಹಿಂದಿನ ಸೀಟಿನ ಜಾಗದಲ್ಲಿ ಕೂರಿಸಿ, ದೋಣಿಯ ಪಂಪು ತಂದು ಜೋಡಿಸಿ ಮುಗಿಸಿದ ಮೇಲೆ ಹಾರಿಬ್ ಈ ಜಾಲರಿ ಹೊತ್ತುಕೊಂಡು ಬಂದದ್ದು. ಜೊತೆಗೆ ನಾಲ್ಕು ಜನ ಗೆಳೆಯರು, ಎಲ್ಲರ ಮೈಯಲ್ಲೂ ಊದಿನ ಘಮಲು.

"ತೊಟ್ಟಿ ಯಾರಿಗೆ ಕಾಣುತ್ತೆ ಖಲ್ಫಾನಣ್ಣ? ಬಾನೆಟ್ ಎತ್ತಿದ್ರೆ ಜನ ಬಾಯಿ ಬಿಡ್ಬೇಕು. ಮೀನು ಮಾರೋನ ಥರ ಐಸು ಹೊತ್ಕೊಂಡು ಹೋಗ್ಲಾ ನಾನು?"

ನನಗೆ ತಡೆಯಲಾಗಲಿಲ್ಲ. "ಅದು ಜೀಪೋ, ಮದುವೆ ಮಂಟಪಾನೋ? ಅವನು ಮೂರು ವಾರ ಅಳೆದು ನೋಡಿದಾನೆ" ಅಂದೆ.

ಹಾರಿಬ್ ನನ್ನತ್ತ ತಿರುಗಿ ನಕ್ಕ. "ಹೌದೌದು ಮಾಮ, ನಿಮ್ಮ ಐಸೂ ಖರ್ಚಾಗ್ಬೇಕಲ್ಲ."

ಗೆಳೆಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಐಸು ಮಾರುವವನು ಐಸಿನ ಪರ ಮಾತಾಡಿದರೆ ಇಷ್ಟೇ ಗತಿ.

ಒಳಗೆ ಹೋಗಿ ಕೂತೆವು. ಖರ್ಜೂರದ ತಟ್ಟೆ ಬಂತು. ಖಲ್ಫಾನ್ ಎಡಗೈಯಲ್ಲಿ ಕಾಫಿಯ ಹೂಜಿ ಹಿಡಿದು ಮೊದಲ ಬಟ್ಟಲನ್ನು ಹಾರಿಬನಿಗೆ ಕೊಟ್ಟ. ಹಾರಿಬ್ ಅದನ್ನು ತೆಗೆದುಕೊಂಡು, ತುಟಿಗೆ ತಾಗಿಸದೆ, ತನ್ನ ಮುಂದೆ ನೆಲದ ಮೇಲೆ ಇಟ್ಟ.

ನಮ್ಮ ಕಡೆ ಇದಕ್ಕೊಂದು ಅರ್ಥವಿದೆ. ಅತಿಥಿ ಬಟ್ಟಲನ್ನು ಹಾಗೆ ಇಟ್ಟನೆಂದರೆ, ಅವನು ಕೇಳಿದ್ದನ್ನು ಕೊಡುತ್ತೇನೆ ಎಂದು ಮನೆಯವನು ಹೇಳುವವರೆಗೆ ಅದು ಅಲ್ಲೇ ಆರುತ್ತದೆ. ಕೊಡದೆ ಕಳಿಸಿದ ಮನೆಗೆ ಆಮೇಲೆ ಮುಖವಿಲ್ಲ. ನಮ್ಮ ಅಪ್ಪ ತನ್ನ ಇಡೀ ಆಯುಷ್ಯದಲ್ಲಿ ಇದನ್ನು ಮೂರು ಸಲ ಕಂಡಿದ್ದ. ಎರಡು ಸಲ, ಕೊಲೆಯಾದವನ ಮನೆಯವರ ಕ್ಷಮೆ ಕೇಳಲಿಕ್ಕೆ, ಒಂದು ಸಲ ಹೆಣ್ಣು ಕೇಳಲಿಕ್ಕೆ. ಈ ಮನುಷ್ಯ ಅದನ್ನು ಒಂದು ಅಲ್ಯೂಮಿನಿಯಂ ತುಂಡಿಗಾಗಿ ಇಟ್ಟ. ಸಾಕ್ಷಿಗೆಂದೇ ನಾಲ್ಕು ಜನರನ್ನು ಕಟ್ಟಿಕೊಂಡು ಬಂದಿದ್ದ ಎನ್ನುವುದು ನನಗೆ ಆಗ ಹೊಳೆಯಿತು. ಥೂ! ಹಿರಿಯರು ರಕ್ತ ನಿಲ್ಲಿಸಲು ಮಾಡಿಟ್ಟ ಕಟ್ಟಳೆಯಲ್ಲಿ ಮೂಗು ಒರೆಸಿಕೊಂಡ ಹಾಗಾಯಿತು.

"ನಾನು ತಂದಿದ್ದನ್ನೇ ಹಾಕ್ಬೇಕು ಅಣ್ಣ" ಎಂದ ಹಾರಿಬ್.

ಖಲ್ಫಾನ್ ಬಟ್ಟಲನ್ನೇ ನೋಡುತ್ತ ಕೂತ. ಹಬೆ ನಿಂತಿತು. ಬೇಡ ಅನ್ನು, ಎದ್ದು ಹೋಗಲಿ ಎಂದು ನಾನು ಮನಸ್ಸಿನಲ್ಲೇ ಅವನ ಹೆಗಲು ಹಿಡಿದು ಅಲ್ಲಾಡಿಸುತ್ತಿದ್ದೆ.

"ಕುಡಿ ಹಾರಿಬ್. ನೀನು ಕೇಳಿದ್ದು ಆಯ್ತು."

ಅವರು ಹೋದ ಮೇಲೆ ಶೆಡ್ಡಿನಲ್ಲಿ ಅವನಿಗೆ ಸರಿಯಾಗಿ ಬೈದೆ. "ನಿನಗೇನು ತಲೆ ಕೆಟ್ಟಿದೆಯೇನೋ? ಎಂಜಿನ್ ಸುಟ್ಟು ಹೋದ್ರೆ ಹೋಗೋದು ನಿನ್ನ ಮರ್ಯಾದೆ, ಅವನದಲ್ಲ!"

"ನನ್ನಪ್ಪನ ಮನೆಯಿಂದ ಯಾರೂ ಕಾಫಿ ಬಿಟ್ಟು ಎದ್ದು ಹೋಗಿಲ್ಲ ಬಾವ."

"ಹಾಗಾದ್ರೆ ನಾನು ಊರಿಗೆಲ್ಲ ಹೇಳ್ತೀನಿ, ಇದು ಅವನ ಹಟ ಅಂತ."

"ಹೇಳ್ಬೇಡ." ಅವನು ಸ್ಪ್ಯಾನರು ಕೆಳಗಿಟ್ಟ. "ಕೊಟ್ಟಿದ್ದನ್ನ ಆಡಿ ತೋರಿಸೋ ಮನೆತನ ನಮ್ಮದಲ್ಲ. ಸುರಯ್ಯಾ ಮೇಲೆ ಆಣೆ ಇಡು." ಇಡಲೇಬೇಕಾಯಿತು. ಅವಳ ಹತ್ತಿರ ಕೂಡ ಅವನು ಈ ಮಾತು ಎತ್ತಲಿಲ್ಲ.

ತಾನೇ ಕೂರಿಸಿದ ತೊಟ್ಟಿಯನ್ನು ತಾನೇ ಕಿತ್ತ. ಜಾಲರಿ ಹಿಡಿಸಲಿಕ್ಕೆ ಜೀಪಿನ ಮೂತಿ ಕೊಯ್ಯಬೇಕಾಯಿತು. ಕೊಯ್ಯುವಾಗ ಅವನ ಮುಖ ನೋಡಲು ನನ್ನಿಂದಾಗಲಿಲ್ಲ. ಕೊನೆಗೆ ಎಂಜಿನ್ ಉಳಿಸಲು ಇದ್ದ ಒಂದೇ ಉಪಾಯ ಮಾಡಿದ. ಟರ್ಬೊದ ಒತ್ತಡವನ್ನು ಅರ್ಧಕ್ಕೆ ಇಳಿಸಿ, ಅದರ ತಿರುಪಿಗೆ ತಂತಿ ಸುತ್ತಿ ಬಿಗಿದ. "ಇದನ್ನ ಮುಟ್ಬೇಡ ಹಾರಿಬ್. ದಿಬ್ಬದ ತುದಿ ಸಿಗದೇ ಇರಬಹುದು, ಎಂಜಿನ್ ಉಳಿಯುತ್ತೆ" ಎಂದ. "ಆಯ್ತಣ್ಣ, ನೀವು ಹೇಳಿದ ಹಾಗೆ" ಎಂದ ಹಾರಿಬ್. ಅವನ ನಾಲಿಗೆಗೆ ಎಣ್ಣೆಯೇ ಬೇಡ.

ಆ ಶುಕ್ರವಾರ ಸರತಿಯಲ್ಲಿ ನಲವತ್ತು ನಿಮಿಷ ನಿಲ್ಲಬೇಕಾಯಿತು. ಅಷ್ಟು ಹೊತ್ತೂ ಹಾರಿಬ್ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಂತೆಯೇ ಬಿಟ್ಟು, ಜಾಲರಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಜನ ಬಾಯಿ ಬಿಟ್ಟದ್ದು ನಿಜ. ಖಲ್ಫಾನ್ ನಡುವೆ ನುಗ್ಗಿ ಪೈಪಿನ ಮೇಲೆ ಅಂಗೈ ಇಟ್ಟವನು ಚಟ್ಟನೆ ಕೈ ತೆಗೆದ. ತಿರುಪಿನ ತಂತಿ ಇರಲಿಲ್ಲ. ಯಾರೋ ಅದನ್ನು ಕತ್ತರಿಸಿ ಒತ್ತಡವನ್ನು ಮತ್ತೆ ಏರಿಸಿದ್ದರು, ಯಾರೆಂದು ಕೇಳಬೇಕೆ?

"ಹಾರಿಬ್, ಎಂಜಿನ್ ಆಫ್ ಮಾಡು. ಇವತ್ತು ಬೇಡ" ಎಂದ ಮೆಲ್ಲಗೆ.

"ಜನ ಕಾಯ್ತಿದಾರೆ ಅಣ್ಣ, ಬಿಡಿ" ಎಂದು ಹಾರಿಬ್ ಬಾನೆಟ್ ಹಾಕಿ ಹತ್ತಿ ಕೂತ.

ದಿಬ್ಬದ ಮುಕ್ಕಾಲು ಏರಿದ. ಅಲ್ಲಿ ಡಬ್ಬದಲ್ಲಿ ಕಲ್ಲು ಕುಲುಕಿದ ಸದ್ದು ಬಂತು. ಚಾಪೆಯ ಮೇಲಿನ ಮುದುಕರು ಎದ್ದು ನಿಂತರು. ಆಮೇಲೆ ಒಂದೇ ಏಟು, ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ, ಜೀಪು ಎಣ್ಣೆ ಕಾರಿಕೊಳ್ಳುತ್ತ ಹಿಂದಕ್ಕೆ ಜಾರಿ ಬಂತು. ಹಾರಿಬನಿಗೆ ಒಂದು ಗೀರೂ ಆಗಲಿಲ್ಲ.

ಪಕ್ಕದ ಊರು ಇಬ್ರಾದ ಥಾನಿ ಎಂಬ ಹಿರಿಯರು ನಮ್ಮ ಕಡೆ ಬಂದರು. ಈ ದಿಬ್ಬದ ವಿಷಯದಲ್ಲಿ ಅವರಾಡಿದ್ದೇ ಕೊನೆಯ ಮಾತು. ಜಾಲರಿಯನ್ನೊಮ್ಮೆ ಕೋಲಿನಿಂದ ತಿವಿದು, "ಖಲ್ಫಾನ್, ಮರಳಿಗೆ ಇದನ್ನ ಆರಿಸಿದ್ದು ಯಾರಪ್ಪ?" ಎಂದರು.

ಹಾರಿಬ್ ಅಲ್ಲೇ ಮಾರು ದೂರದಲ್ಲಿ ನಿಂತು ಅಂಗಿಯ ಮರಳು ಕೊಡವುತ್ತಿದ್ದ. ಒಂದು ಮಾತು ಆಡಿದರೆ ಸಾಕಿತ್ತು. ಆಡಿದ ಕೂಡ. "ನನಗೇನು ಗೊತ್ತಾಗುತ್ತೆ ಅಜ್ಜ ಇದೆಲ್ಲ? ಪೂರ್ತಿ ಖಲ್ಫಾನಣ್ಣನ ಕೈಗೇ ಬಿಟ್ಟಿದ್ದೆ."

ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಖಲ್ಫಾನ್ ನನ್ನ ಮುಂಗೈಯನ್ನು ಎಲುಬು ನೋಯುವ ಹಾಗೆ ಅದುಮಿ ಹಿಡಿದ.

"ಹಾಕಿದ್ದು ನಾನು" ಎಂದ ಥಾನಿಯವರಿಗೆ.

ಹದಿನೈದು ದಿನದಲ್ಲಿ ಶೆಡ್ಡಿನಲ್ಲಿದ್ದ ಎರಡು ಎಂಜಿನ್ನುಗಳನ್ನು ಅವುಗಳ ಯಜಮಾನರು ಬಂದು ಎತ್ತಿಕೊಂಡು ಹೋದರು. ನಿಮಗೂ ವಯಸ್ಸಾಯಿತು, ವಿಶ್ರಾಂತಿ ಬೇಕಲ್ಲ ಎಂದು ಸವಿಮಾತು ಬೇರೆ. ಅವನ ಎಂಜಿನ್ನಿನ ಬೆನ್ನೇರಿ ದಿಬ್ಬದ ತುದಿಯಲ್ಲಿ ಕುಣಿದವರೇ ಈಗ ಮಸೀದಿಯ ಮೆಟ್ಟಿಲ ಮೇಲೆ "ಕೈ ಬಿದ್ದು ಹೋಗಿದೆ ಪಾಪ" ಅನ್ನುತ್ತಿದ್ದರು. ಆ "ಪಾಪ" ಕೇಳಿದಾಗೆಲ್ಲ ನನಗೆ ಉಗಿಯಬೇಕೆನಿಸುತ್ತಿತ್ತು. ಊರಿಗೆ ಊರೇ ಕೊಳೆತು ನಾರುತ್ತಿದೆ, ನೆಟ್ಟಗಿರುವವನು ನಾನೊಬ್ಬನೇ ಎಂದು ಅಂಗಡಿಯಲ್ಲಿ ಐಸು ಒಡೆಯುತ್ತ ಗೊಣಗಿಕೊಳ್ಳುತ್ತಿದ್ದೆ.

ಆಮೇಲೆ ನನ್ನ ಅಳಿಯ ಬದರ್ ಒಂದು ಜೀಪು ಕೊಂಡ. ಮಗಳು ಮೌಜಾಳ ಮನೆಗೆ ಊಟಕ್ಕೆ ಹೋಗಿದ್ದೆ. ದೊಡ್ಡ ತಟ್ಟೆಯ ಸುತ್ತ ಬೀಗರು, ಅವರ ಅಣ್ಣತಮ್ಮಂದಿರು, ಎಲ್ಲ ಸೇರಿ ಎಂಟು ಜನ. ಅನ್ನದೊಳಗಿನ ಮಾಂಸ ಬಿಡಿಸುತ್ತ ಬದರ್ ಕೇಳಿದ, "ಮಾವ, ಟರ್ಬೊ ಹಾಕಿಸ್ಬೇಕು ಅಂತಿದೀನಿ. ಖಲ್ಫಾನ್ ಮಾವನ ಹತ್ರಾನೇ ಕೊಡ್ಲಾ? ನೀವೇನಂತೀರಿ?"

ಎಂಟು ಜನರ ಕೈ ತಟ್ಟೆಯಲ್ಲಿ ನಿಂತವು. ಕೊಡು ಅಂದರೆ ಮುಗಿಯುತ್ತಿತ್ತು. ಆಣೆ ಮುರಿಯಬೇಕಾಗಿರಲಿಲ್ಲ, ಕಥೆ ಹೇಳಬೇಕಾಗಿರಲಿಲ್ಲ. ಆ ಮನುಷ್ಯನ ಕೈ ಎಂಥದೆಂದು ಲೋಕದಲ್ಲಿ ಸರಿಯಾಗಿ ಬಲ್ಲವನು ನಾನೊಬ್ಬನೇ. ಆದರೆ ಬೀಗರು ನನ್ನ ಮುಖವನ್ನೇ ನೋಡುತ್ತಿದ್ದರು. ಸುಟ್ಟ ಎಂಜಿನ್ನಿನವನ ಕೈಗೆ ನಮ್ಮ ಹುಡುಗನ ಗಾಡಿ ಕೊಡಿಸುತ್ತಾನಲ್ಲ ಎಂದು ಆಮೇಲೆ ಆಡಿಕೊಂಡರೆ?

"ಅವನಿಗೆ ಈಗ ಕೈತುಂಬ ಕೆಲಸ" ಅಂದೆ. "ಇಬ್ರಾದಲ್ಲಿ ವಿಚಾರಿಸು."

ಎರಡು ದಿನ ಬಿಟ್ಟು ಸುರಯ್ಯಾ ಅಂಗಡಿಗೆ ಬಂದಳು. ಐಸು ತೂಗಿಸಿಕೊಂಡವಳು ಹೋಗದೆ ನಿಂತಳು.

"ಅಣ್ಣ, ಬದರ್ ಗಾಡಿ ಇಬ್ರಾಗೆ ಹೋಯ್ತಂತೆ, ನೀನೇ ಹೇಳಿದ್ಯಂತೆ. ಮೌಜಾ ಹೇಳಿದ್ಲು. ನನಗೆ ನಿನ್ನ ಮೇಲೆ ಬಹಳ ಸಿಟ್ಟು ಬಂದಿತ್ತು. ಇವರನ್ನ ಕೇಳಿದ್ರೆ, ನಿನ್ನಣ್ಣನ ಮೇಲೆ ಯಾಕೆ ರೇಗ್ತೀಯ, ನಾನೇ ಬೇಡ ಅಂತ ಹೇಳಿ ಕಳಿಸಿದ್ದೆ, ಕೆಲಸ ಜಾಸ್ತಿ ಅಂದ್ರು. ಯಾವ ಕೆಲಸ ಅಣ್ಣ? ಬೆಳಗಿಂದ ಸಂಜೆವರೆಗೆ ಶೆಡ್ಡಲ್ಲಿ ಸುಮ್ನೆ ಕೂತಿರ್ತಾರೆ. ನಿಜವಾಗ್ಲೂ ಅವರೇ ಹೇಳಿದ್ರಾ?"

ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. ನಾನು ತಕ್ಕಡಿಯ ಮೇಲಿನ ನೀರು ಒರೆಸಿದೆ.

"ಹೌದು ಕಣಮ್ಮ, ಅವನೇ ಹೇಳಿದ್ದ" ಅಂದೆ.