ಅಕ್ಕನ ಪಾಯದಲ್ಲಿ ಕಂಡ ಭೂಕಂಪ

ಕಲಬುರಗಿಯ ಕಾಲೇಜಿನಲ್ಲಿ ವರ್ಷಗಟ್ಟಲೆ ಭೂವಿಜ್ಞಾನ ಕಲಿಸಿದ ನನಗೆ ಒಂದೇ ಚಪಲ: ಹಳೆಯ ಭೂಕಂಪವೊಂದರ ಗುರುತನ್ನು ಕಣ್ಣಾರೆ ನೋಡಬೇಕು. ನಮ್ಮ ಕಡೆಯ ಕರಿಕಲ್ಲೆಲ್ಲ ಯಾವುದೋ ಕಾಲದಲ್ಲಿ ಹರಿದು ಆರಿದ ಲಾವಾ. ಅದು ಎಲ್ಲಿ ಸೀಳಿತು, ಎಷ್ಟು ಸಲ ಜಾರಿತು ಎಂದು ಬರೆದಿಟ್ಟವರಿಲ್ಲ. ನೆಲವನ್ನೇ ಅಗೆದು ನೋಡಬೇಕು. ಇದನ್ನು ನಾನು ಎಷ್ಟು ರಂಗಾಗಿ ಹೇಳುತ್ತಿದ್ದೆನೆಂದರೆ, ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಡುತ್ತಿದ್ದರು.

ಕಮಲಾಪುರದಲ್ಲಿ ನನ್ನ ಅಕ್ಕನ ಮನೆ. ಅವಳ ಮಗಳು ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು, ಬಾಣಂತಿಗೊಂದು ಖೋಲಿ ಕಟ್ಟಿಸಲು ಅಕ್ಕ ಹಿತ್ತಲಲ್ಲಿ ಪಾಯ ತೆಗೆಸಿದ್ದಳು. ಆ ಬೇಸಿಗೆಯಲ್ಲಿ ಒಂದೆರಡು ಸಲ ನೆಲ ಗುಡುಗುಟ್ಟಿ ಅಡುಗೆಮನೆಯ ಪಾತ್ರೆಗಳು ಅಲುಗಿದ್ದವು. ಅದಕ್ಕೇ ನನ್ನನ್ನು ಕರೆಸಿದಳು.

ಪಾಯದ ಕರಿಮಣ್ಣಿನಲ್ಲಿ ಓರೆಯಾಗಿ ಒಂದು ನುಣುಪಾದ ಮೈ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು, ಮೇಲೆಲ್ಲ ಗೀರು. ನೆಲದ ಎರಡು ಹೋಳು ಒಂದಕ್ಕೊಂದು ಉಜ್ಜಿ ಜಾರಿದರೆ ಹೀಗೇ ಆಗುತ್ತದೆ.

“ಅಕ್ಕಾ, ಇಲ್ಲಿ ಕಟ್ಟಬ್ಯಾಡ. ಹಿಂದ ಭೂಕಂಪದಾಗ ನೆಲ ಜಾರಿದ್ದ ಜಾಗ ಇದು. ಮತ್ತ ಜಾರಬಹುದು.”

ಅವಳ ಸಲುವಾಗಿ ಹೆದರಿ ಹೇಳಿದೆ ಎಂದುಕೊಂಡಿದ್ದೆ. ನಿಜವೆಂದರೆ ಒಳಗೊಳಗೇ ಖುಷಿಯಾಗಿತ್ತು.

ಪಾಯ ತೋಡುತ್ತಿದ್ದ ಚಾಚಾ ಅರ್ಧ ಊರಿನ ಬಾವಿ ತೋಡಿದವರು. “ಸಾಹೇಬ್ರ, ಯರಿಮಣ್ಣು ಬ್ಯಾಸಗ್ಯಾಗ ಬಾಯಿ ಬಿಡ್ತದ, ಮಳಿ ಬಂದ್ರ ಉಬ್ಬತದ. ತಿಕ್ಕಿ ತಿಕ್ಕಿ ಹಿಂಗ ನುಣ್ಣಗ ಆಗ್ತದರೀ. ಎಲ್ಲಾ ಹೊಲದಾಗೂ ಅದ,” ಎಂದರು.

ನಾನು ನಕ್ಕುಬಿಟ್ಟೆ. ಆ ನಗೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಓದಿದ ತಮ್ಮನ ಮಾತಿಗೆ ಅಕ್ಕ ಎದುರಾಡಲಿಲ್ಲ. ಕೆಲಸ ನಿಂತಿತು. ನೆಲ ಜಾರುವ ಮನೆಗೆ ಸೊಲ್ಲಾಪುರದ ಬೀಗರು ಸೊಸೆಯನ್ನು ಕಳಿಸಲಿಲ್ಲ. ಮುಂಗಾರಿನಲ್ಲಿ ಅವಳು ಅಲ್ಲೇ ಹೆತ್ತಳು.

ಮಳೆಗಾಲ ಕಳೆದ ಮೇಲೆ, ಲೇಖನ ಬರೆಯುವ ಉಮೇದಿನಲ್ಲಿ, ಚಾಚಾನಿಂದಲೇ ಆ ಜಾಗವನ್ನು ಆಳಕ್ಕೆ ಅಗೆಸಿದೆ. ಕರಿಮಣ್ಣಿನ ಕೆಳಗೆ ಪುಡಿಗಲ್ಲಿನ ಗರಸು, ಅದರ ಕೆಳಗೆ ಎರಡು ಲಾವಾ ಪದರಗಳ ನಡುವೆ ಕೆಂಪು ಮಣ್ಣಿನ ಪಟ್ಟಿ. ನೆಲ ಜಾರಿದ್ದರೆ ಪಟ್ಟಿ ತುಂಡಾಗಿ ಒಂದು ಕಡೆ ಕೆಳಗಿಳಿದಿರಬೇಕಿತ್ತು. ಅದು ಈ ತುದಿಯಿಂದ ಆ ತುದಿಗೆ ಒಂದು ಚೂರೂ ತಪ್ಪದೆ ಹೋಗಿತ್ತು. ಕರಿಮಣ್ಣಿನ ಹೊಳಪನ್ನು ನಂಬಬೇಡಿ ಎಂದು ಪದವಿಯ ಮೊದಲ ವರ್ಷದವರಿಗೆ ಹೇಳುವವನು ನಾನೇ. ಚಾಚಾ ಬೀಡಿ ಹಚ್ಚಿದರು.

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅಕ್ಕನ ಎದುರು ಕೂತೆ. “ನಂದ ತಪ್ಪಾತು ಅಕ್ಕಾ. ಇಲ್ಲಿ ನೆಲ ಜಾರಿಲ್ಲ. ಖೋಲಿ ಕಟ್ಟಸು. ಗ್ವಾಡಿ ಸುತ್ತ ಕಬ್ಬಿಣ ಹಾಕಿ ಕಾಂಕ್ರೀಟ್ ಪಟ್ಟಿ ಕೊಡಸು, ಎಲ್ಲರೆ ನಡುಗಿದ್ರೂ ತಡಕೊಂತದ.”

ಅವಳು ಮೊರ ಕೆಳಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

“ಕೂಸಿಗಿ ಐದು ತಿಂಗಳಾತು, ತಮ್ಮಾ,” ಎಂದಳು. “ನನ್ನ ಕೈಲೆ ಒಂದ ದಿನಾನೂ ಎಣ್ಣಿ ಹಚ್ಚಿ ನೀರು ಹಾಕಲಿಲ್ಲ.”