ನೀರು ಹಾಕುವವರಿಲ್ಲದ ಊರು

ಹೋದ ವಾರ ಮಾನ್ವಿಯ ಈ ಮನೆಯಲ್ಲಿ ಮಾಳಿಗೆ ರಿಪೇರಿಗೆ ಬಂದ ಕೆಲಸದವರು ಸಂಜೆ ಒದ್ದೆ ಹಗ್ಗವೊಂದನ್ನು ಪಡಸಾಲೆಯ ಮೂಲೆಯಲ್ಲಿ ಸುತ್ತಿಟ್ಟು ಹೋದರು. ಪುಂಡಿ ನಾರಿನ ಹಗ್ಗ. ಈಗ ಅಂಥ ಹಗ್ಗ ಸಿಗುವುದೇ ಅಪರೂಪ. ಅದು ನೀರಲ್ಲಿ ನೆನೆದರೆ ಒಂದು ವಾಸನೆ ಬರುತ್ತದೆ, ಹಸಿ ಸೊಪ್ಪು ಕೊಳೆತಂತೆ, ಕೆರೆಯ ದಂಡೆಯ ಕೆಸರಿನಂತೆ. ನೀವೆಲ್ಲ ಮೂಗು ಮುಚ್ಚಿಕೊಂಡು ಒಳಗೆ ಹೋದಿರಿ. ನಾನು ಮಾತ್ರ ಅಲ್ಲೇ ಕೂತೆ. ಸಣ್ಣ ಮೊಮ್ಮಗಳು ಬಂದು, ಯಾಕ ಆಯಿ ಅಳಾಕತ್ತಿ ಎಂದು ಕೇಳಿದಳು. ಧೂಳು ಎಂದೆ. ಎದುರು ಕೂತು ಹೇಳುವುದು ನನ್ನಿಂದ ಯಾವತ್ತೂ ಆಗಿಲ್ಲ. ನಮ್ಮೂರ ಶಾಲೆಯಲ್ಲಿ ಬಾಗಿಲ ಹೊರಗೆ ಕೂತು ಎರಡು ವರ್ಷ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ, ನಗಬೇಡಿ.

ನಮ್ಮೂರು ದೇವದುರ್ಗದ ಹತ್ತಿರದ ಒಂದು ಸಣ್ಣ ಹಳ್ಳಿ. ಹೆಸರು ಬರೆಯುವುದಿಲ್ಲ, ಅಲ್ಲಿನವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ನಿಜಾಮರ ಕಾಲ ಅದು, ನನಗೆ ಎಂಟೋ ಒಂಬತ್ತೋ ವರ್ಷ. ಕೆಳಗಿನ ಕೇರಿಯಲ್ಲಿ ನಮ್ಮದು ಒಂದೇ ಅಂಕಣದ ಮನೆ. ಒಳಗೆ ಕಾಲಿಟ್ಟರೆ ಜೋಳದ ಸೊಪ್ಪಿಯ ಹೊಗೆ, ಒಣಗಿದ ಮೆಣಸಿನಕಾಯಿಯ ಘಾಟು, ನನ್ನ ಆಯಿ, ಅಂದರೆ ಅಪ್ಪನ ತಾಯಿ, ಹಾಸಿಕೊಳ್ಳುವ ಕೌದಿಯ ವಾಸನೆ. ಆ ಕೌದಿಯೊಳಗೆ ಮಲಗಿ ನಾನು ಆಯಿಯ ಸೀರೆಯ ಸೆರಗನ್ನು ಬಾಯಲ್ಲಿ ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದೆ. ಬೆಳಗಾದರೆ ನನ್ನ ಕೆಲಸ ನೀರು. ಊರ ಬಾವಿಯ ಹಗ್ಗವನ್ನು ನಮ್ಮ ಕೇರಿಯವರು ಮುಟ್ಟುವಂತಿರಲಿಲ್ಲ. ಕಟ್ಟೆಯ ಕೆಳಗೆ ಒಂದು ಚಪ್ಪಟೆ ಕಲ್ಲಿತ್ತು, ಅದರ ಮೇಲೆ ಕೊಡ ಇಟ್ಟು ದೂರ ನಿಂತು, ಮೇಲಿನವರು ಯಾರಾದರೂ ಬಂದಾಗ, ಯಮ್ಮಾರೇ ನೀರ ಹಾಕ್ರೀ, ಎಂದು ಕೇಳಬೇಕು. ಅವರಿಗೆ ಪುರುಸೊತ್ತಿದ್ದರೆ ಸೇದಿ ಮೇಲಿಂದ ಸುರಿಯುವರು.

ನನಗೆ ಹೆಚ್ಚಾಗಿ ಸುರಿಯುತ್ತಿದ್ದವರು ಗೌಡರ ಮನೆಯ ಸಣ್ಣ ಸೊಸೆ ಶಾಂತಮ್ಮನವರು. ಹೊಸದಾಗಿ ಬಂದವರು, ಆಗಿನ್ನೂ ಮಕ್ಕಳಾಗಿರಲಿಲ್ಲ. "ಬಂದ್ಯಾ ದುರುಗೀ? ಇವತ್ತ ತಲಿ ಬಾಚಿಕೊಂಡೀಯಲ್ಲ, ಮಳಿ ಬರ್ತದ ನೋಡು," ಎಂದು ನಗಾಡುವರು. ಒಂದೊಂದು ದಿನ ಸೆರಗಿನಿಂದ ಬೆಲ್ಲದ ಚೂರು ತೆಗೆದು, ನಾನು ಚಾಚಿದ ಬೊಗಸೆಗೆ ಮೇಲಿಂದ ಬಿಡುವರು. ನೀರಿನ ಧಾರೆ ಕೊಡದ ಬಾಯಿಗೆ ಸರಿಯಾಗಿ ಬೀಳುವುದನ್ನು ನೋಡುವುದು ನನಗೆ ಒಂದು ಆಟ. ಅವರು ಅಷ್ಟು ಎತ್ತರದಿಂದ ಸುರಿಯುವುದು ನನ್ನನ್ನು ನಗಿಸಲಿಕ್ಕೆಂದೇ ನಾನು ತಿಳಿದಿದ್ದೆ. ಯಾರೂ ನನಗೆ ಬೇರೆ ಹೇಳಿರಲಿಲ್ಲ.

ಮುಂಗಾರು ಸುಗ್ಗಿ ಮುಗಿದ ಮೇಲೆ ಅಪ್ಪನಿಗೆ ರಾಯಚೂರಿನಲ್ಲಿ, ಹತ್ತಿಯ ಕಾಳು ಬಿಡಿಸುವ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಆಯಿ ಬರಲಿಲ್ಲ. ಅವ್ವ, ಅಪ್ಪ, ನಾನು ಬಂಡಿಯಲ್ಲಿ ಹೊರಟೆವು. ಕಲ್ಮಲ ದಾಟಿದ ಮೇಲೆ ರಾಯಚೂರಿನ ಗುಡ್ಡ ಕಂಡಿತು, ಅದರ ಮೇಲೆ ಕೋಟೆಯ ಗೋಡೆ. ಅಪ್ಪ ಕೈ ಚಾಚಿ ತೋರಿಸಿದ. ನಾನು ನೋಡಲಿಲ್ಲ, ನನ್ನ ಕಣ್ಣು ಹಿಂದಿನ ದಾರಿಯಲ್ಲೇ ಇತ್ತು. ಮಿಲ್ಲಿನ ಹಿಂದೆ ಕೂಲಿಯವರಿಗೆ ಸಾಲು ಕೋಣೆಗಳಿದ್ದವು. ಗಾಳಿಯ ತುಂಬ ಹತ್ತಿಯ ನಾರು ಹಾರುತ್ತಿತ್ತು, ರೊಟ್ಟಿಯ ಮೇಲೆ, ಹುಬ್ಬಿನ ಮೇಲೆ, ಅವ್ವನ ಕೂದಲ ಮೇಲೆ. ಮೊದಲ ದಿನ ಅವ್ವ ಒಮ್ಮೆಲೇ ಮುದುಕಿಯಾದಂತೆ ಕಂಡು ನಾನು ಹೆದರಿದೆ. ಸಾಲಿನ ಕೊನೆಗೆ ಒಂದು ಬಾವಿ, ರಾಟೆ, ಹಗ್ಗ, ಬಕೀಟು.

ಮರುದಿನ ನಾನು ಕೊಡ ತೆಗೆದುಕೊಂಡು ಹೋಗಿ, ಕಟ್ಟೆಯ ಕೆಳಗೆ ಇಟ್ಟು ದೂರ ನಿಂತೆ. ಹೆಂಗಸರು ಬಂದರು, ಸೇದಿದರು, ಹೋದರು. ಯಮ್ಮಾರೇ ನೀರ ಹಾಕ್ರೀ ಎಂದೆ. ರಾಟೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲವೋ ಏನೋ. ಬಿಸಿಲೇರಿತು. ಖಾಲಿ ಕೊಡದೊಂದಿಗೆ ಹಿಂದೆ ಬಂದೆ. ಎರಡನೆಯ ದಿನವೂ ಹಾಗೇ. ಇಲ್ಲಿಯ ಜನಕ್ಕೆ ನಮ್ಮ ಮೇಲೆ ಸಿಟ್ಟಿದೆ ಎಂದುಕೊಂಡೆ. ನಾವೇನು ಮಾಡಿದ್ದೇವೆ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಮೂರನೆಯ ದಿನ ಪಕ್ಕದ ಕೋಣೆಯ ರಸೂಲಬೀ ನನ್ನನ್ನು ನೋಡಿದರು. ಅವರನ್ನು ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಬಾಯಲ್ಲಿ ಸದಾ ಎಲೆಯಡಿಕೆ. "ಅರೇ ಬೇಟೀ, ನಿನ್ನಿಂದ ನೋಡಾಕತ್ತೀನಿ, ಯಾರ ದಾರಿ ಕಾಯಾಕತ್ತಿ? ನವಾಬ ಬಂದು ಸೇದಿ ಕೊಡ್ತಾನೇನು?"

"ಯಾರರ ಹಾಕಿದ್ರ ಒಯ್ತೀನಿರಿ," ಎಂದೆ.

"ಹಗ್ಗ ಅಲ್ಲೇ ಅದ, ನಿನಗ ಎರಡು ಕೈ ಅವ. ಇನ್ನೇನ ಬೇಕು?" ಎಂದು ನನ್ನ ಎರಡೂ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ಹಗ್ಗಕ್ಕೆ ಹಚ್ಚಿದರು. ನಮ್ಮ ಕೇರಿಯವರಲ್ಲದ ಒಬ್ಬ ಹೆಂಗಸು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಗಾಬರಿಯಾಗಿ ಹಗ್ಗ ಬಿಟ್ಟುಬಿಟ್ಟೆ. ಬಕೀಟು ಧಡ್ ಎಂದು ಕೆಳಗೆ ಹೋಯಿತು, ಅಂಗೈ ಸುಲಿಯಿತು. ಹೆಂಗಸರು ನಕ್ಕರು. "ಖಾಲಾ, ನಿಮಗ ಶಾಗಿರ್ದ ಚಲೋ ಸಿಕ್ಕಾಳ," ಎಂದು ಒಬ್ಬಳು ನನ್ನನ್ನು ಅವರ ಶಿಷ್ಯೆಯಾಗಿಸಿ ಅಂದಳು. ನಾನು ಅತ್ತೆ. ಕೈ ಉರಿಗೆ ಎಂದು ಖಾಲಾ ತಿಳಿದು ಅರಿಸಿನ ಹಚ್ಚಿದರು. ಅದು ಕೈ ಉರಿಯಲ್ಲ. ನನಗೆ ನೀರು ಹಾಕುವವರು ಒಬ್ಬರೂ ಈ ಊರಲ್ಲಿಲ್ಲ ಎಂಬ ದುಃಖ ಅದು.

ಆಮೇಲೆ ನಾನೇ ಸೇದಲು ಕಲಿತೆ. ಅವ್ವ ಮಾತ್ರ ಬಾವಿಯ ಕಡೆ ಹೋಗಲೇ ಇಲ್ಲ. "ನೀನ ಹೋಗವ್ವ, ಸಣ್ಣ ಹುಡುಗಿ, ಯಾರೂ ಏನೂ ಅನ್ನೂದಿಲ್ಲ," ಎನ್ನುವಳು. ನೀವು ಯಾರು, ಯಾವ ಕೇರಿಯವರು ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಇವತ್ತು ಕೇಳಿಯಾರು, ನಾಳೆ ಕೇಳಿಯಾರು ಎಂದು ಅವ್ವ ಕಾಯುತ್ತಿದ್ದಳು. ಬಾಗಿಲು ಎಳೆದುಕೊಂಡು ಒಳಗೇ ಕೂತಿರುತ್ತಿದ್ದಳು. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು. ಒಂದು ದಿನ ಅಪ್ಪನಿಗೆ ರೇಗಿತು.

"ಬಾವಿ ಮುಟ್ಟಾಕ ಹೆದರ್ತೀಯಲ್ಲ, ಇಲ್ಲಿ ಯಾರ ಬಂದು ನಿನ್ನ ಹಿಡೀತಾರ?"

"ಯಾರೂ ಹಿಡಿಯೂದಿಲ್ಲ ಅಂತನ ನನಗ ಹೆದರಿಕಿ," ಎಂದಳು ಅವ್ವ. "ಅಲ್ಲಿ ನಾ ಎಲ್ಲಿ ನಿಂದ್ರಬೇಕು ಅಂತ ನನಗ ಗೊತ್ತಿತ್ತು. ಇಲ್ಲಿ ಗೊತ್ತಾಗೂದಿಲ್ಲ. ನನ್ನ ಊರಿಗೆ ಕಳಿಸಿಬಿಡು."

"ಹೋಗು. ಹೋಗಿ ಕಲ್ಲಿನ ಮೇಲೆ ಕೊಡ ಇಟ್ಟು ನಿಂದ್ರು."

ಯುಗಾದಿಯ ಮುಂದೆ ಅವ್ವ ನನ್ನನ್ನು ಕರೆದುಕೊಂಡು ಊರಿಗೆ ಹೊರಟೇಬಿಟ್ಟಳು. ಹಬ್ಬಕ್ಕೆ ಎಂದು ಹೆಸರು, ಆದರೆ ಪಾತ್ರೆ, ಕೌದಿ ಎಲ್ಲ ಕಟ್ಟಿದ್ದಳು. ತಿರುಗಿ ಬರುವುದಿಲ್ಲ ಎಂದು ನನಗೆ ತಿಳಿಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಪ್ಪ ಮಿಲ್ಲಿನ ಗೇಟಿನಲ್ಲಿ ಒಬ್ಬನೇ ನಿಂತದ್ದು ಕೂಡ ಸರಿಯಾಗಿ ನೋಡಲಿಲ್ಲ. ಆಯಿ ನನ್ನ ಮುಖ ಸವರಿ ಸವರಿ ಅತ್ತಳು. ಆ ರಾತ್ರಿ ಮತ್ತೆ ಅದೇ ಕೌದಿ, ಅದೇ ಸೆರಗು.

ಬೆಳಗಾಗುತ್ತಲೇ ಕೊಡ ಎತ್ತಿಕೊಂಡು ಬಾವಿಗೆ ಓಡಿದೆ. ಯಾರೂ ಇರಲಿಲ್ಲ. ಇಲ್ಲಿಂದ ಮುಂದೆ ಏನಾಯಿತೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಬೇಕೆಂದು ಮಾಡಲಿಲ್ಲ, ಧೈರ್ಯದಿಂದಲೂ ಅಲ್ಲ. ನಾಲ್ಕು ತಿಂಗಳ ರೂಢಿ, ಕಾಲು ತಾನೇ ಕಟ್ಟೆ ಹತ್ತಿತು, ಕೈ ತಾನೇ ಹಗ್ಗ ಹಿಡಿಯಿತು. ಬಕೀಟು ಮೇಲೆ ಬಂದು ಕಟ್ಟೆಯ ಮೇಲೆ ಕೂತಾಗ ಹಿಂದೆ ಬಳೆಯ ಸದ್ದಾಯಿತು. ಶಾಂತಮ್ಮನವರು. ನಾನು ನಕ್ಕೆ. ನಾನು ಎಷ್ಟು ಚೆನ್ನಾಗಿ ಸೇದುತ್ತೇನೆ ನೋಡಲಿ ಎಂದಿತ್ತು ನನ್ನ ಮನಸ್ಸಿನಲ್ಲಿ. ಅವರು ನನ್ನನ್ನು ನೋಡದೆ ಮೊದಲು ಗೌಡರ ಮನೆಯ ಕಡೆ ನೋಡಿದರು, ಆಮೇಲೆ ಊರ ಅಗಸಿ ಬಾಗಿಲ ಕಡೆ.

"ದುರುಗೀ, ಕೆಳಗ ಇಳಿ ನನ್ನವ್ವಾ," ಎಂದರು. ಬೈದ ದನಿಯಲ್ಲ. "ಹಗ್ಗ ಅಲ್ಲೇ ಇಡು. ಲಗೂನ ಇಳಿ."

ಇಳಿದು ನನ್ನ ಜಾಗದಲ್ಲಿ ನಿಂತೆ. ಅವರು ನಾನು ಸೇದಿದ ನೀರನ್ನು ನೆಲಕ್ಕೆ ಚೆಲ್ಲಿದರು. ಅದು ಹರಿದು ಬಂದು ನನ್ನ ಕಾಲು ತೋಯಿಸಿತು. ಬಕೀಟನ್ನು ಹುಣಸೆಹಣ್ಣು ಹಾಕಿ ತಿಕ್ಕಿದರು, ಹಗ್ಗದ ಮೇಲೆ ನೀರು ಚಿಮುಕಿಸಿದರು. ಆಮೇಲೆ ಹೊಸದಾಗಿ ಸೇದಿ, ಮೊದಲಿನ ಹಾಗೆಯೇ ಎತ್ತರದಿಂದ, ಒಂದು ಹನಿಯೂ ಹೊರಗೆ ಬೀಳದಂತೆ ನನ್ನ ಕೊಡಕ್ಕೆ ಸುರಿದರು. "ಎಷ್ಟ ಬಡವಾಗೀದೀಯಲ್ಲ! ಅಲ್ಲಿ ಏನ ಉಣ್ಣಾಕತ್ತಿದ್ದಿ?" ಎಂದರು. ಬೆಲ್ಲದ ಚೂರು ಬಿಟ್ಟರು. "ಯಾರ ಮುಂದೂ ಹೇಳಬ್ಯಾಡ. ನಾನೂ ಹೇಳೂದಿಲ್ಲ." ಬೆಲ್ಲವನ್ನು ನಾನು ತಿಂದೆ. ಸಿಹಿಯಾಗಿಯೇ ಇತ್ತು. ಇದನ್ನೂ ನಿಮಗೆ ಹೇಳಬೇಕು.

ಹೇಳಬಾರದೆಂದಿದ್ದರೂ ಅವ್ವನಿಗೆ ಹೇಳಿದೆ. ಆಯಿ ಎದೆಗೆ ಕೈ ಹಚ್ಚಿಕೊಂಡಳು. "ಹೊಡೀಲಿಲ್ಲಲ್ಲ? ಕೂಗಿ ಮಂದಿ ಕೂಡಿಸಲಿಲ್ಲಲ್ಲ? ಬಂಗಾರದಂಥಾಕಿ ಆಕಿ. ಬ್ಯಾರೆ ಯಾರರ ನೋಡಿದ್ರ ನಮ್ಮ ಕೇರಿ ಉಳೀತಿರಲಿಲ್ಲ." ಆಯಿ ಹೇಳಿದ್ದು ಖರೆ. ಅವ್ವ ಒಂದೇ ಮಾತು ಕೇಳಿದಳು: "ನೀ ಸೇದಿದ ನೀರು?"

"ನೆಲಕ್ಕ ಚೆಲ್ಲಿದರು," ಎಂದೆ.

ಅವ್ವ ನನ್ನ ಅಂಗೈ ಹಿಡಿದು, ಅಲ್ಲಿ ಗಟ್ಟಿಯಾಗಿದ್ದ ಚರ್ಮವನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಹಬ್ಬದ ಮರುದಿನ ರಾಯಚೂರಿಗೆ ಹೊರಟ ಬಂಡಿಗೆ ನಮ್ಮ ಗಂಟು ಏರಿಸಿದಳು. ಆಯಿಯನ್ನು ಕರೆದಳು. "ನೀವು ಹೋಗ್ರಿ. ಇಲ್ಲಿ ನನ್ನ ಗುರುತು ಹಿಡಿಯೋರ ಅದಾರ," ಎಂದು ಆಯಿ ಅಂಗಳದಲ್ಲೇ ಕೂತಳು. ನಾವು ಮತ್ತೆ ನೋಡುವ ಹೊತ್ತಿಗೆ ಆಯಿ ಇರಲಿಲ್ಲ, ಮನೆಯ ಹಿತ್ತಲ ಗೋಡೆಯೂ ಇರಲಿಲ್ಲ.

ಮಿಲ್ಲಿನ ಬಾವಿಗೆ ಅವ್ವ ಯಾವ ದಿನ ಹೋದಳೋ ನನಗೆ ನೆನಪಿಲ್ಲ. "ಅರೇ, ಬೇಗಂ ಸಾಹೇಬರು ದಯಮಾಡಿಸಿದರು," ಎಂದು ಖಾಲಾ ಚೇಷ್ಟೆ ಮಾಡಿದ್ದು, ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕದ್ದು ಮಾತ್ರ ನೆನಪಿದೆ. ಆದರೂ ನಾನು ಬಹಳ ದಿನ ನನ್ನ ಕೊಡ ತುಂಬಿದ ಮೇಲೂ ಕಟ್ಟೆಯ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದೆ. ಆ ಊರನ್ನು ನೆನೆದು ಯಾಕೆ ಅಳುತ್ತೀ ಎಂದು ಹೆಚ್ಚು ಓದಿಕೊಂಡ ನೀವು ನನ್ನನ್ನು ಬೈಯುತ್ತೀರಿ. ನೀವು ಹೇಳುವುದು ಸರಿ.

ಎಷ್ಟೋ ವರ್ಷದ ಮೇಲೆ, ನಿಮ್ಮ ತಾತ ಬದುಕಿದ್ದಾಗ, ಪೋತ್ನಾಳದಲ್ಲಿ ಸಿಕ್ಕ ನಮ್ಮೂರಿನವನೊಬ್ಬ ಶಾಂತಮ್ಮನವರು ತೀರಿಕೊಂಡರು ಎಂದು ಹೇಳಿದ. ಮನೆಗೆ ಬಂದವಳೇ ನಮ್ಮವರು ಸತ್ತ ಸುದ್ದಿ ಬಂದಾಗ ಮಾಡುವಂತೆ ಹಿತ್ತಲಿಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡೆ. ಶಾಲೆಯಿಂದ ಆಗತಾನೇ ಬಂದಿದ್ದ ನಿಮ್ಮಪ್ಪ, ಪಾಟಿಚೀಲ ಹೆಗಲಲ್ಲೇ ಇತ್ತು, "ಯಾರ ಸತ್ತರವ್ವಾ? ನಮಗೇನಾಗಬೇಕು?" ಎಂದು ಕೇಳಿದ. ಒದ್ದೆ ಕೂದಲು ಹಿಂಡುತ್ತ ನಿಂತೆ. ಏನೂ ಆಗಬೇಕಿಲ್ಲಪ್ಪಾ ಎಂದೆ. ಆ ಸಂಜೆ ಒಲೆ ಹಚ್ಚಲು ಮನಸ್ಸು ಬರಲಿಲ್ಲ.