ಝಾಲರಿ ಮುದುಡಿದಾಗ

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಶಾಲೆ ಬಿಟ್ಟ ಮೇಲೆ ಪದಗಳೂ ಕರೆದಾಗ ಬರುವುದಿಲ್ಲ. ಆದರೂ ನಮ್ಮ ಚಿಕ್ಕಮ್ಮನ ಬಗ್ಗೆ ಬರೆಯಲು ಕೂತಿದ್ದೇನೆ. ಇದೆಲ್ಲ ನಡೆದಾಗ ನಾನು ಅಲ್ಲಿರಲಿಲ್ಲ. ಚಿಕ್ಕಮ್ಮ ಹೇಳಿದ್ದನ್ನು ಅವಳ ಅತ್ತೆಯ ಹತ್ತಿರವೂ ಕೇಳಿ, ಇಬ್ಬರೂ ಹೌದು ಎಂದದ್ದನ್ನು ಮಾತ್ರ ಬರೆದಿದ್ದೇನೆ.

ಚಿಕ್ಕಮ್ಮ ಬಟ್ಟೆ ಹೊಲಿಯುತ್ತಾಳೆ. ಮೂರನೇ ಮಹಡಿಯ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಲ್ಲಿ ಬಟ್ಟೆ ಕತ್ತರಿಸುವ ಮೇಜು, ಹೊಲಿಗೆ ಮಷೀನು, ಆಳೆತ್ತರದ ಕನ್ನಡಿ, ಕಿಟಕಿಯ ಪಕ್ಕದಲ್ಲಿ ಒಂದು ಸಮುದ್ರ. ಸಮುದ್ರವೆಂದರೆ ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ಬಿಳಿ ಮರಳು, ಎರಡು ಕಿತ್ತಳೆ ಬಣ್ಣದ ಮೀನು, ಗಾಜು ನೆಕ್ಕುತ್ತಾ ಹೋಗುವ ಬಸವನಹುಳುಗಳು ಮತ್ತು ಜೀವಂತ ಹವಳಗಳು. ಹವಳವೆಂದರೆ ಸರಕ್ಕೆ ಪೋಣಿಸುವ ಮಣಿ ಎಂದುಕೊಂಡು ಬಂದ ಗಿರಾಕಿಗಳಿಗೆ ಅವಳು ಅಳತೆ ತೆಗೆಯುತ್ತಲೇ ಪಾಠ ಹೇಳುತ್ತಿದ್ದಳು: "ಕಲ್ಲಲ್ಲ, ಗಿಡ ಅಲ್ಲ, ಅದು ಪ್ರಾಣಿ. ಕೈ ಎತ್ತಿ. ಹಗಲು ಬೆಳಕು ತಿನ್ನುತ್ತೆ. ಉಸಿರು ಬಿಗಿ ಹಿಡೀಬೇಡಿ, ಆಮೇಲೆ ಕೋಟು ಬಿಗಿಯಾಯ್ತು ಅಂತೀರಿ."

ಹವಳಗಳಿಗೆ ಅವಳೇ ಹೆಸರಿಟ್ಟಿದ್ದಳು: ನೆರಿಗೆ, ಕುಚ್ಚು, ಝಾಲರಿ. ಝಾಲರಿಯ ಮೇಲೆ ಅವಳಿಗೆ ಜೀವ. ದೀಪ ಹತ್ತಿದೊಡನೆ ಅದು ಫ್ರಾಕಿನ ಅಂಚಿನ ಹಾಗೆ ಸುತ್ತಲೂ ಬಿಚ್ಚಿಕೊಂಡು ನೀರಿನಲ್ಲಿ ಓಲಾಡುತ್ತಿತ್ತು. ಚಿಕ್ಕಮ್ಮ ಮಷೀನು ನಿಲ್ಲಿಸಿ ಹೋಗಿ, ತೊಟ್ಟಿಯ ಮೇಲೆ ಬಗ್ಗಿ, ಅದರ ಜೊತೆ ನಾಲ್ಕು ಮಾತಾಡಿ ಬರುತ್ತಿದ್ದಳು.

ಈಗ ತೊಟ್ಟಿ ಇರುವ ಜಾಗದಲ್ಲಿ ಮೊದಲು ಅತ್ತೆಯ ಕುರ್ಚಿ ಇತ್ತು. ಅಲ್ಲಿ ಕೂತು ಅವರು ಇಡೀ ಬೀದಿಯನ್ನು ಕಾಯುತ್ತಿದ್ದರು. ತೊಟ್ಟಿ ಬಂದು ಕುರ್ಚಿ ಮನೆಯೊಳಗಿನ ಓಣಿಗೆ ಹೋದ ದಿನ ಅವರು ಒಂದು ಮಾತು ಹೇಳಿದ್ದರು: "ಬದುಕಿರೋವರೆಗೆ ಇರಲಿ. ಸತ್ತ ಮೇಲೂ ಇಟ್ಕೋತೀನಿ ಅಂದ್ರೆ ಆಗಲ್ಲ. ಮನೇಲಿ ಉಪ್ಪುನೀರಿನ ಸ್ಮಶಾನ ಬೇಡ. ನನ್ನ ಕುರ್ಚಿ ವಾಪಸ್ ಬರುತ್ತೆ." ಚಿಕ್ಕಮ್ಮ ನಗುನಗುತ್ತಾ ಒಪ್ಪಿಕೊಂಡಿದ್ದಳು.

ಮಕ್ಕಳ ಮಳೆಕೋಟು ಹೊಲಿಯುವ ಕೆಲಸ ತಲೆಯ ಮೇಲೆ ಕೂತಿದ್ದ ಹೊತ್ತಿನಲ್ಲಿ ಝಾಲರಿ ಮುದುಡಿತು. ದೀಪ ಹತ್ತಿದರೂ ಬಿಚ್ಚಲಿಲ್ಲ. ಕುಚ್ಚಿನ ತುದಿ ಬಿಳಿಚಿಕೊಂಡಿತು. ಒಂದು ಬಸವನಹುಳು ಗಾಜಿನಿಂದ ಜಾರಿ ಬಿದ್ದದ್ದು ಮತ್ತೆ ಏಳಲೇ ಇಲ್ಲ. ಚಿಕ್ಕಮ್ಮ ಕಂಡದ್ದಕ್ಕೆಲ್ಲ ಕೈ ಹಾಕಿದಳು. ಒಂದೇ ಮಧ್ಯಾಹ್ನ ದೀಪ ಮೇಲೆತ್ತಿದಳು, ಪಂಪಿನ ಮೂತಿ ತಿರುಗಿಸಿದಳು, ಅರ್ಧ ನೀರು ಬದಲಿಸಿದಳು, ಕಲ್ಲುಗಳನ್ನೂ ಸರಿಸಿದಳು. ಸಂಜೆಗೆ ನೆರಿಗೆಯೂ ಮುದುಡಿತು.

ಹವಳ ಮಾರುವವನನ್ನು ಎಲ್ಲರೂ ಉಪ್ಪಣ್ಣ ಎನ್ನುತ್ತಾರೆ. ಅವನು ಎಲ್ಲ ಕೇಳಿ ಹಣೆ ಚಚ್ಚಿಕೊಂಡ.

"ಅಲ್ಲಕ್ಕಾ, ಕೋಟು ಬಿಗಿ ಅಂತ ಯಾರಾದ್ರೂ ಬಂದ್ರೆ ತೋಳು, ಕಾಲರು, ಜೇಬು ಎಲ್ಲಾ ಒಟ್ಟಿಗೆ ಕಿತ್ತು ಹಾಕ್ತೀರಾ?"

"ಎಲ್ಲಿ ಬಿಗಿ ಅಂತ ಮೊದಲು ನೋಡ್ತೀನಿ."

"ಹಾಗೇ ಇದೂನೂ. ಒಂದು ನೋಡಿ, ಒಂದು ಸರಿಮಾಡಿ, ಸುಮ್ನೆ ಕಾಯಿರಿ. ಮೀನು ಹೇಗಿವೆ?"

"ತಿಂದುಕೊಂಡು ಗುಂಡಗಿವೆ."

"ಮೀನು ಆರಾಮ, ಹುಳಕ್ಕೂ ಹವಳಕ್ಕೂ ಮಾತ್ರ ಕಾಯಿಲೆ. ತಾಮ್ರ ಇರಬಹುದು. ಒಂದು ಚೂರು ನೀರಿಗೆ ಸೇರಿದ್ರೂ ಇವಕ್ಕೆ ವಿಷ."

ಅವನು ಕೊಟ್ಟ ಬಾಟಲಿಯಲ್ಲಿ ತೊಟ್ಟಿಯ ನೀರು ಹಾಕಿ, ಔಷಧದ ಹನಿ ಬಿಟ್ಟಾಗ ಬಣ್ಣ ತಿರುಗಿತು. ತಾಮ್ರವೇ.

ಎಲ್ಲಿಂದ ಬಂತು? ನೆಲದಲ್ಲಿ ಚೆಲ್ಲಿದ ಸೂಜಿ ಬಳಿಯಲು ಹೊಲಿಗೆಯವರ ಹತ್ತಿರ ಅಯಸ್ಕಾಂತ ಇರುತ್ತದಲ್ಲ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಚಿಕ್ಕಮ್ಮ ಮರಳಿನಲ್ಲೆಲ್ಲ ಎಳೆದಾಡಿದಳು. ಏನೂ ಅಂಟಲಿಲ್ಲ. ಹಾಗಾದರೆ ಒಳಗೆ ಲೋಹವಿಲ್ಲ, ಹೊರಗಿನಿಂದಲೇ ಬಂದಿರಬೇಕು ಎಂದುಕೊಂಡಳು. ತಲೆ ಎತ್ತಿದರೆ ಎದುರಿಗೆ ಅತ್ತೆ, ಕೈಯಲ್ಲಿ ಹೂಕುಂಡಗಳಿಗೆ ನೀರು ಹಾಕುವ ತಾಮ್ರದ ಹೂಜಿ. ಕುರ್ಚಿಯ ಮಾತು ನೆನಪಾಯಿತು. ಅವಳ ಮನಸ್ಸಿನಲ್ಲಿ ವಿಚಾರಣೆ ಅಲ್ಲಿಗೇ ಮುಗಿಯಿತು.

"ಅತ್ತೆ, ಇದಕ್ಕೆ ನೀರು ಹಾಕಿದ್ರಾ?"

"ನಿನ್ನ ಸಮುದ್ರಕ್ಕಾ? ನನ್ನ ಹೂಕುಂಡಕ್ಕೇ ನೀರು ಸಾಲದು."

"ನೀರು ಇಳಿದಿದೆ ಅಂತ ಪಾಪ, ಸಹಾಯ ಮಾಡೋಕೆ..."

"ಸಹಾಯ ಮಾಡೋ ಹಾಗಿದ್ರೆ ಹೇಳೇ ಮಾಡ್ತಿದ್ದೆ. ಸುಮ್ನೆ ಮಾಡಿದ್ರೆ ಹೆಸರು ಬರುತ್ತಾ?"

ಚಿಕ್ಕಮ್ಮ ಹೂಜಿಯನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮುಂದಿನ ಕೋಣೆಗೆ ಬರಬೇಡಿ ಎಂದೂ ಹೇಳಿಬಿಟ್ಟಳು. ಮಾರನೆಯ ದಿನದಿಂದ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟು, ಒಂದು ಚಮಚ ಹಿಡಿದು, ಅಡುಗೆಮನೆಗೂ ಹೂಕುಂಡಗಳಿಗೂ ಓಡಾಡುತ್ತಾ, ಎಲ್ಲರಿಗೂ ಕಾಣುವ ಹಾಗೆ ನೀರು ಹಾಕತೊಡಗಿದರು.

ಚಿಕ್ಕಪ್ಪ ಲಿಫ್ಟ್ ರಿಪೇರಿಯವನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಬಿಡಿಸುವುದೇ ಅವನ ಕಸುಬು, ಮನೆಯಲ್ಲಿ ಮಾತ್ರ ತಾನೇ ಸಿಕ್ಕಿಕೊಂಡ. "ಹೂಜಿ ಕೊಟ್ಟುಬಿಡೇ, ಅಮ್ಮನ ಮೊಣಕಾಲು ಹೋಗುತ್ತೆ," ಎಂದು ಇವಳಿಗೆ. "ಚಮಚ ಬಿಡಮ್ಮ, ಲೋಟ ತಗೋ," ಎಂದು ಅವರಿಗೆ.

"ಲೋಟದ ಮೇಲೂ ಅನುಮಾನ ಬಂದ್ರೆ?" ಎಂದರು ಅತ್ತೆ.

ಹೂಜಿ ಬೀಗದೊಳಗಿತ್ತು, ತೊಟ್ಟಿಯ ನೀರು ಮತ್ತೆ ಬದಲಾಗಿತ್ತು. ಆದರೂ ಬಾಟಲಿಯ ಬಣ್ಣ ಪುನಃ ತಿರುಗಿತು. ಕುಚ್ಚು ಪೂರ್ತಿ ಬಿಳಿಯಾಗಿ ಕಲ್ಲಿನಿಂದ ಉದುರಿತು. ಚಿಕ್ಕಮ್ಮನಿಗೆ ಎರಡು ಸಂಕಟ ಒಟ್ಟಿಗೆ ಬಂದವು. ಝಾಲರಿಯೂ ಹೋಗುತ್ತದೆ ಎಂಬುದು ಒಂದು. ಹೂಜಿಯದು ತಪ್ಪಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ನುಂಗಿಕೊಂಡು ಉಪ್ಪಣ್ಣನ ಹತ್ತಿರ ಓಡಿದಳು.

"ಮರಳೆಲ್ಲ ಅಯಸ್ಕಾಂತ ಎಳೆದು ನೋಡಿದೀನಿ ಕಣಪ್ಪ!"

"ಹಿತ್ತಾಳೆ ಅಯಸ್ಕಾಂತಕ್ಕೆ ಎಲ್ಲಿ ಅಂಟುತ್ತಕ್ಕಾ? ಹಿತ್ತಾಳೆ ಒಳಗೆ ಇರೋದೇ ತಾಮ್ರ."

ಚಿಕ್ಕಮ್ಮ ಮನೆಗೆ ಬಂದು, ಅರ್ಧಕ್ಕೆ ಬಿಟ್ಟಿದ್ದ ಮಳೆಕೋಟು ಮುಗಿಸಲು ಕೂತು, ಮನಸ್ಸು ತಡೆಯದೆ ಎದ್ದು, ಚಹಾ ಸೋಸುವ ಜರಡಿಯಲ್ಲಿ ಮರಳನ್ನು ಸ್ವಲ್ಪಸ್ವಲ್ಪವಾಗಿ ಸೋಸಿದಳು. ಝಾಲರಿಯ ಕಲ್ಲಿನ ಬುಡದಲ್ಲಿ ಹಸಿರು ಕಿಲುಬು ಹತ್ತಿದ ಒಂದು ಪುಟ್ಟ ಚೂರು ಸಿಕ್ಕಿತು. ಮಳೆಕೋಟಿನ ಒತ್ತುಗುಂಡಿಯ, ಟಿಚ್ ಬಟನ್ ಅಂತಾರಲ್ಲ ಅದರ, ಒಂದು ಹೋಳು. ಹಿತ್ತಾಳೆಯದು.

ಅದು ತೊಟ್ಟಿಗೆ ಹೇಗೆ ಬಿತ್ತೆಂದು ಅವಳು ಯೋಚಿಸುತ್ತಾ ನಿಂತಳು. ಮೇಜು ಇರುವುದು ಆ ತುದಿಗೆ. ಗುಂಡಿ ಹಾರಿದರೂ ಇಷ್ಟು ದೂರ ಬರುವುದಿಲ್ಲ. ಬಾಗಿಲಲ್ಲಿ, ಹೊಸ್ತಿಲಿನ ಆಚೆಗೇ ನಿಂತಿದ್ದ ಅತ್ತೆ, ಎಷ್ಟೋ ದಿನದ ಮೇಲೆ ಸೊಸೆಯ ಜೊತೆ ಮಾತಾಡಿದರು.

"ಒಳಗೆ ಬರಬಾರದು ಅಂದಿದೀಯ, ಇಲ್ಲಿಂದಲೇ ಕೇಳ್ತೀನಿ. ಈಗ ನಿನ್ನ ಬಾಯಲ್ಲಿ ಏನಿದೆ?"

ಚಿಕ್ಕಮ್ಮ ಉತ್ತರ ಕೊಡಲು ಹೋದಳು. ಆಗಲಿಲ್ಲ. ತುಟಿಗಳ ನಡುವೆ ಮೂರು ಒತ್ತುಗುಂಡಿಗಳಿದ್ದವು. ಹೊಲಿಯುವಾಗ ಕಚ್ಚಿಕೊಂಡವು ಹಾಗೇ ಉಳಿದಿದ್ದವು. ಅವುಗಳನ್ನು ಕಚ್ಚಿಕೊಂಡೇ ಅಲ್ಲವೇ ಅವಳು ದಿನಾ ತೊಟ್ಟಿಯ ಮೇಲೆ ಬಗ್ಗಿ ಝಾಲರಿಯನ್ನು ಮುದ್ದು ಮಾಡುತ್ತಿದ್ದದ್ದು!

ಮೂರನ್ನೂ ಅಂಗೈಗೆ ಉಗುಳಿಕೊಂಡಳು. "ಅತ್ತೆ, ತಪ್ಪಾಯ್ತು."

"ಕೇಳಿಸಲಿಲ್ಲ. ಓಣಿಯಲ್ಲಿ ಕೂತು ಕೂತು ಕಿವಿ ಮಂದವಾಗಿದೆ."

"ತಪ್ಪಾಯ್ತು ಅಂದೆ! ನಿಮ್ಮ ಮೇಲೆ ಹಾಕಬಾರದಿತ್ತು."

ಚಿಕ್ಕಪ್ಪನ ಮುಂದೆ ಮೂರನೆಯ ಸಲವೂ ಹೇಳಿಸಿಕೊಂಡ ಮೇಲೆ ಅತ್ತೆಗೆ ಕೇಳಿಸಿತು. ಹೂಜಿ ಹೊರಗೆ ಬಂತು. ಉಪ್ಪಣ್ಣ ಹೇಳಿದ ಹಾಗೆ ಚಿಕ್ಕಮ್ಮ ವಿಷ ಹೀರುವ ಇದ್ದಿಲಿನ ಚೀಲ ನೀರಿಗೆ ಇಳಿಬಿಟ್ಟು, ದಿನಾ ಸ್ವಲ್ಪ ನೀರು ಬದಲಿಸಿ, ಬೇರೇನನ್ನೂ ಮುಟ್ಟದೆ ಕಾದಳು. ಮುಟ್ಟದೆ ಇರುವುದೇ ಎಲ್ಲಕ್ಕಿಂತ ಕಷ್ಟವಾಯಿತಂತೆ. ಬಾಟಲಿಯ ಬಣ್ಣ ತಿರುಗುವುದು ನಿಂತ ಮೇಲೂ ಝಾಲರಿ ಮುನಿಸಿಕೊಂಡೇ ಇತ್ತು. ಕೊನೆಗೊಂದು ಬೆಳಿಗ್ಗೆ ಒಂದೇ ಪಕ್ಕಕ್ಕೆ, ಅರ್ಧ ಹೊಲಿದ ಫ್ರಾಕಿನ ಹಾಗೆ, ಬಿಚ್ಚಿಕೊಂಡಿತು.

ಕುಚ್ಚು ಸತ್ತಿತ್ತು. ಮಾತಿನ ಪ್ರಕಾರ ಅತ್ತೆ ಜಾಗ ಕೇಳಬಹುದಿತ್ತು. ಚಿಕ್ಕಮ್ಮನೇ ಅಂಜುತ್ತಾ ಕೇಳಿದಳು: "ತೊಟ್ಟಿ ತೆಗೀಬೇಕಾ?"

ಅತ್ತೆ ತೊಟ್ಟಿಯನ್ನು ಒಂದು ಸುತ್ತು ನೋಡಿದರು. "ಒಂದು ಹೋದ್ರೆ ಸ್ಮಶಾನ ಆಗುತ್ತಾ? ಇರಲಿ. ಆದ್ರೆ ಇದರ ಹತ್ತಿರ ನಿನ್ನನ್ನ ಒಬ್ಬಳನ್ನೇ ಬಿಡೋ ಹಾಗಿಲ್ಲ. ಕುರ್ಚಿ ತಾ."

ಕುರ್ಚಿ ಈಗ ತೊಟ್ಟಿಯ ಪಕ್ಕದಲ್ಲಿದೆ. ಅತ್ತೆ ಒಂದು ಕಣ್ಣಿನಲ್ಲಿ ಬೀದಿಯನ್ನೂ ಇನ್ನೊಂದರಲ್ಲಿ ಸೊಸೆಯನ್ನೂ ಕಾಯುತ್ತಾರೆ. ಚಿಕ್ಕಮ್ಮ ಮಷೀನು ನಿಲ್ಲಿಸಿ ಎದ್ದರೆ ಸಾಕು, "ಎಲ್ಲಿ, ಬಾಯಿ ತೆಗಿ ನೋಡೋಣ," ಎನ್ನುತ್ತಾರೆ. ಗಿರಾಕಿಗಳು ಅತ್ತೆಯನ್ನು ಹಲ್ಲಿನ ಡಾಕ್ಟರು ಎಂದುಕೊಂಡಿದ್ದಾರೆ. ಚಿಕ್ಕಮ್ಮ ಆ ಎಂದು ಬಾಯಿ ತೆರೆದು ತೋರಿಸಿ, ಆಮೇಲೆ ಹೋಗಿ ಬಗ್ಗುತ್ತಾಳೆ.

ಮಳೆಕೋಟುಗಳು ಇನ್ನೂ ಒಂದು ರಾಶಿ ಉಳಿದಿವೆಯಂತೆ. ನಾಳೆ ಬೆಳಿಗ್ಗೆ ನಾನು ಅವಳ ಮನೆಗೆ ಹೋಗಿ ಗುಂಡಿ ಒತ್ತಿಕೊಡುತ್ತೇನೆ.